ಕೈಯಿಂದ ಕೈಗೆ ಬಂದ ಕರಟ

ಪಿಡಿಯೊಗೆ ಹಾಡಲು ಬರುತ್ತಿರಲಿಲ್ಲ. ಆದರೂ ಎರಡು ಶನಿವಾರ ಅವನು ಚರ್ಚಿನ ಗಾಯಕರ ಸಾಲಿನಲ್ಲಿ ನಿಂತು ಬಾಯಿ ತೆರೆದ, ಮುಚ್ಚಿದ.

ತಪ್ಪು ಅವನದೇ. ಕುಡಿತ ಬಿಡಬೇಕು ಅನ್ನುವವರು ಶನಿವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ಸೇರುತ್ತಾರೆ ಎಂದು ಯಾರೋ ಹೇಳಿದ್ದರು. ಹೊರಗೆ ಬೋರ್ಡಿರಲಿಲ್ಲ. ಬೋರ್ಡು ಹಾಕಿದ್ದರೆ ನಮ್ಮ ದ್ವೀಪದ ಮಾಸಿನ್ ಊರಲ್ಲಿ ಯಾವ ಗಂಡಸು ತಾನೇ ಒಳಗೆ ಕಾಲಿಡುತ್ತಿದ್ದ? ಬಾಗಿಲಲ್ಲಿ ಒಬ್ಬಳು ನಿಂತಿದ್ದಳು, ಕೈಚೀಲವನ್ನು ಎದೆಗೆ ಒತ್ತಿಕೊಂಡು. ಅವಳನ್ನು ಕೇಳೋಣವೆಂದರೆ, ಕೇಳಿದ ಕ್ಷಣವೇ ತಾನು ಕುಡುಕ ಎಂದು ಸಾರಿದಂತೆ. ಪಿಡಿಯೊ ಕತ್ತು ಕೆರೆದುಕೊಂಡ. ಅವಳೇ ಮೊದಲು ಬಾಯಿಬಿಟ್ಟಳು.

"ಹಾಡೋಕೆ ಬಂದ್ರಾ?"

"ಹ್ಞೂಂ," ಎಂದುಬಿಟ್ಟ. "ನೀವು?"

"ನಾನೂ."

ಅವಳ ಹೆಸರು ಮಾರಿವಿಕ್. ಹಡಗುಕಟ್ಟೆಯ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಅವಳೂ ಆ ಕೂಟವನ್ನೇ ಹುಡುಕಿಕೊಂಡು ಬಂದಿದ್ದಳು, ಅವಳಿಗೂ ಕೇಳುವ ಧೈರ್ಯವಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರಿಬ್ಬರೂ ಹಾಗೆ ಹೆಗಲು ಮುಟ್ಟಿಕೊಂಡೇ ಒಳಗೆ ಹೋಗಿ, ಒಬ್ಬರಿಗೊಬ್ಬರು ಹೆದರಿ, ಗಾಯಕರ ಸಾಲಿನಲ್ಲಿ ನಿಂತರು. ಅವಳು ಮುಂದೆ, ಅವನು ಹಿಂದೆ. ಅವನ ಸ್ವರ ಎಲ್ಲೋ ಹೋಗಿ ಬಿದ್ದಾಗ ಅವಳು ಅರ್ಧ ತಿರುಗಿ ನೋಡಿದಳು. ನಗು ತುಟಿಯವರೆಗೆ ಬರಲಿಲ್ಲ, ಕಣ್ಣಿನಲ್ಲೇ ನಿಂತಿತು. ಮನೆಗೆ ಹೋಗುವಾಗ ಪಿಡಿಯೊಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಬಾಯಾರಿಕೆ. ಬಾಯಾರಿಕೆಯೇ ಗೆದ್ದಿತು ಆ ದಿನ.

ಮೂರನೆಯ ಶನಿವಾರ ಹಾಡು ಕಲಿಸುವ ಟೀಚರಮ್ಮ ಅವನನ್ನು ಪಕ್ಕಕ್ಕೆ ಕರೆದು, ಬಾಯಿ ಮುಚ್ಚಿಕೊಂಡು ಮಾಡಿದ ಪ್ರಾರ್ಥನೆಯೂ ದೇವರಿಗೆ ಕೇಳಿಸುತ್ತದೆ ಎಂದು ಬಹಳ ಮೆತ್ತಗೆ ಹೇಳಿದರು. ಪಿಡಿಯೊ ಹೊರಬಿದ್ದ. ಗೋಡೆಯ ಪಕ್ಕದ ಓಣಿಯಲ್ಲಿ ಕಾಫಿ ವಾಸನೆ ಬಂತು. ಹಿಂದೆ ಇನ್ನೊಂದು ಬಾಗಿಲು. ಒಳಗೆ ಏಳೆಂಟು ಕುರ್ಚಿ, ಬೇಯಿಸಿದ ಬಾಳೆಕಾಯಿಯ ತಟ್ಟೆ, ಕಾಫಿ ಬಗ್ಗಿಸುತ್ತಿದ್ದ ಬಿಳಿಗೂದಲಿನ ಮುದುಕ. ಮೂಲೆಯ ಬೆಂಚಿನಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಮಾರಿವಿಕ್. ಅವಳು ಆ ದಿನ ನೇರವಾಗಿ ಇಲ್ಲಿಗೇ ಬಂದಿದ್ದಳು.

ಅವನನ್ನು ಕಂಡು ಅವಳ ಮುಖದ ಬಣ್ಣ ಇಳಿಯಿತು. ಅವನ ಕಾಲೂ ಹೊಸ್ತಿಲಲ್ಲೇ ನಿಂತಿತು. ಓಡಿಹೋಗುವ ಮನಸ್ಸು ಇಬ್ಬರಿಗೂ ಇತ್ತು, ಆದರೆ ಇದ್ದದ್ದು ಒಂದೇ ಬಾಗಿಲು, ಅದಕ್ಕೆ ಅಡ್ಡವಾಗಿ ನಿಂತಿದ್ದವನು ಅವನು.

"ಇಲ್ಲೂ ಹಾಡ್ತಾರಾ?" ಎಂದಳು ಕೊನೆಗೆ.

ಪಿಡಿಯೊ ನಕ್ಕ. ಎಷ್ಟೋ ತಿಂಗಳ ಮೇಲೆ, ಕುಡಿಯದೆ ನಕ್ಕ ನಗು ಅದು. ಅಲ್ಲಿಂದಲೇ ಶುರುವಾಯಿತು ಎಂದು ಅವನು ಈಗಲೂ ಹೇಳುತ್ತಾನೆ.

ಮುದುಕನ ಹೆಸರು ನೋಂಗ್ ಉಸ್ತಿಂಗ್. ಹಿರಿಯರನ್ನು ನಾವು ನೋಂಗ್ ಎಂದೇ ಕರೆಯುವುದು. ಹಡಗಿನಲ್ಲಿ ಅಡುಗೆಯವನಾಗಿದ್ದವನು, ದೇಶದೇಶದ ಬಂದರಿನಲ್ಲಿ ಕುಡಿದು ಬಿದ್ದವನು. ಇಲ್ಲಿ ಆಡಿದ್ದು ಇಲ್ಲೇ ಇರಬೇಕು ಅನ್ನುವುದೊಂದೇ ಅವನ ಕಟ್ಟುನಿಟ್ಟು. ಬಂದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಕಥೆ ಹೇಳಬೇಕು, ಉಳಿದವರು ಕೇಳಬೇಕು, ಬುದ್ಧಿ ಹೇಳಬಾರದು.

ಹೀಗಾಗಿ ಆ ಇಬ್ಬರಿಗೂ ಒಬ್ಬರ ಮನೆತನದ ಹೆಸರು ಇನ್ನೊಬ್ಬರಿಗೆ ತಿಳಿಯುವ ಮೊದಲೇ ಒಬ್ಬರ ಅತಿ ಕೆಟ್ಟ ದಿನ ಇನ್ನೊಬ್ಬರಿಗೆ ತಿಳಿದುಹೋಯಿತು. ತಾಯಿಯನ್ನು ಮಣ್ಣು ಮಾಡುವ ಹೊತ್ತಿಗೆ ತಾನು ದೋಣಿಯೊಂದರ ತಳದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದೆ ಎಂದು ಪಿಡಿಯೊ ಹೇಳಿದ. ದೋಣಿ ಎಂಜಿನ್ ರಿಪೇರಿ ಅವನ ಕೆಲಸ. ಟಿಕೆಟ್ ಕಿಟಕಿಯ ಕೆಳಗೆ ವಿನೆಗರ್ ಬಾಟಲಿಯಲ್ಲಿ ರಮ್ ಇಟ್ಟುಕೊಳ್ಳುತ್ತಿದ್ದೆ, ಮನೆಯವರಿಗೆ ಹೊಟ್ಟೆನೋವು ಎಂದು ಹೇಳುತ್ತಿದ್ದೆ, ಅಮ್ಮ ಪಾಪ ಬೇರು ಅರೆದು ಕೊಡುತ್ತಿದ್ದಳು ಎಂದು ಮಾರಿವಿಕ್ ಹೇಳಿದಳು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಕೂತ ಮೇಲೆ ಒಂದೇ ಒಂದು ಸಲ ಪಿಡಿಯೊ ಕಡೆ ನೋಡಿದಳು, ಅವನು ಇನ್ನೂ ಅಲ್ಲಿದ್ದಾನೋ ಎದ್ದು ಹೋದನೋ ಅನ್ನುವ ಹಾಗೆ. ಅವನು ಅಲ್ಲೇ ಇದ್ದ.

ಈ ನೋಟಗಳನ್ನು ಅವರಿಬ್ಬರಿಗಿಂತ ಮೊದಲು ಕಂಡದ್ದು ನೋಂಗ್ ಉಸ್ತಿಂಗ್. ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಒಂದೇ ಮಾತು ಹೇಳಿದ. ಈಜು ಬಾರದ ಇಬ್ಬರು ನೀರಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡರೆ ಇಬ್ಬರೂ ಮುಳುಗುತ್ತಾರೆ. ಮೊದಲು ಒಂದು ವರ್ಷ ನೆಟ್ಟಗೆ ನಿಲ್ಲಿ, ಆಮೇಲೆ ನೋಡೋಣ.

ಇಬ್ಬರೂ ವಿಧೇಯರಾಗಿ ಎದುರುಬದುರು ಮೂಲೆಯಲ್ಲಿ ಕೂತರು. ಇದರಿಂದ ಆದದ್ದೇನೆಂದರೆ, ನೋಡುವುದು ಇನ್ನೂ ಸಲೀಸಾಯಿತು. ಅವನು ಬಾಳೆಕಾಯಿ ತಿಂದು ಮೀಸೆಗೆ ಹತ್ತಿಸಿಕೊಂಡರೆ ಅವಳು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಅವಳು ಅವನಿಗಿಂತ ಎರಡು ವರ್ಷ ದೊಡ್ಡವಳು. ಅದಕ್ಕೇ ಚಿಕ್ಕ ಹುಡುಗರನ್ನು ಕರೆಯುವಂತೆ ದೋಂಗ್ ಎಂದು ಕರೆದು ಕೆಣಕುತ್ತಿದ್ದಳು. ಅವನು ಅವಳನ್ನು ಬಿಕ್ ಎನ್ನುತ್ತಿದ್ದ. ಮೀಟಿಂಗ್ ಮುಗಿದ ಮೇಲೆ ರಸ್ತೆಯ ಆ ಬದಿ ಅವಳು, ಈ ಬದಿ ಅವನು. ಜನ ತುಂಬಿಕೊಂಡು ಓಡುವ ಜೀಪ್ನಿಯ ಸ್ಟಾಪಿನವರೆಗೂ ಹಾಗೆಯೇ ನಡೆಯುತ್ತಿದ್ದರು.

"ದೋಂಗ್, ಇದನ್ನ ಜೊತೆಗೆ ನಡೆಯೋದು ಅಂತಾರಾ?"

"ಇಲ್ಲ. ರಸ್ತೆ ಕಾಯೋದು ಅಂತಾರೆ."

ಆ ವರ್ಷ ಸುಮ್ಮನೆ ಕಳೆಯಲಿಲ್ಲ. ಕೆಲವು ಸಂಜೆ ಪಿಡಿಯೊ ಮೂಲೆಯಂಗಡಿಯ ಮುಂದೆ ನಿಂತು, ಒಳಗಿನ ಬಾಟಲಿಗಳನ್ನು ನೋಡಿ, ಅಲ್ಲಿಂದ ಹಡಗುಕಟ್ಟೆಗೆ ಓಡಿದ್ದಾನೆ. ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತು, ಎಲ್ಲಿಗೂ ಹೋಗುವುದಿಲ್ಲದೆ, ಅವಳ ಮುಖ ನೋಡಿದ್ದಾನೆ. ಅವಳು "ಎಲ್ಲಿಗೆ?" ಎಂದು ಕೇಳುವಳು. ಅವನು "ಎಲ್ಲಿಗೂ ಇಲ್ಲ" ಎನ್ನುವನು. ಅವಳಿಗೆ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ಕೂತಿರು ಎಂದು ಬೆಂಚು ತೋರಿಸಿ, ಕೆಲಸ ಮುಗಿಯುವವರೆಗೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ವರ್ಷ ತುಂಬಿದ ಮೇಲೆ ಅವನು ಕೇಳಿದ, ಅವಳು ಹ್ಞೂಂ ಅಂದಳು. ನಿಜವಾದ ಕಷ್ಟ ಶುರುವಾದದ್ದು ಆಗ.

ನಮ್ಮಲ್ಲಿ ಹುಡುಗಿ ಒಪ್ಪಿದರೆ ಮುಗಿಯಲಿಲ್ಲ. ಹುಡುಗನ ಕಡೆಯವರು ಊಟ ಹೊತ್ತುಕೊಂಡು ಹುಡುಗಿಯ ಮನೆ ಮೆಟ್ಟಿಲು ಹತ್ತಬೇಕು, ಬಾಯಿಬಿಟ್ಟು ಕೇಳಬೇಕು. ಆಗ ಹುಡುಗಿಯ ಅಪ್ಪ ತನ್ನ ಕೈಯಾರೆ ಒಂದು ಕರಟಕ್ಕೆ ಕಳ್ಳು ಬಗ್ಗಿಸುತ್ತಾನೆ. ಅದೇ ಒಂದು ಕರಟ ಕೈಯಿಂದ ಕೈಗೆ ಸುತ್ತು ಬರುತ್ತದೆ. ಬೇಡ ಅನ್ನುವುದು ಆ ಮನೆಯ ನೆಲಕ್ಕೆ ಉಗುಳಿದ ಹಾಗೆ. ಇನ್ನು ಮಾರಿವಿಕ್‌ಳ ಅಪ್ಪ ಟಿಬೊಯ್ ಅಂತೂ ಕಳ್ಳು ಇಳಿಸುವುದರಲ್ಲೇ ಹೆಸರು ಮಾಡಿದವನು. ಕೆಂಪು ತೊಗಟೆಯ ಪುಡಿ ಬೆರೆಸಿ ಅವನು ಹದ ಮಾಡಿದ ಕಳ್ಳಿಗೆ ಪಕ್ಕದ ದ್ವೀಪದಿಂದಲೂ ಜನ ಬರುತ್ತಿದ್ದರು. ಮಗಳನ್ನು ಓದಿಸಿದ್ದು, ಮನೆಗೆ ತಗಡು ಹಾಕಿಸಿದ್ದು ಎಲ್ಲ ಅದರಿಂದಲೇ. ಅವನ ಮುಂದೆ ಅವನ ಕಳ್ಳು ಬೇಡ ಅನ್ನುವ ಅಳಿಯ!

ಕೇಳಲು ಹೋಗುವ ಹಿಂದಿನ ದಿನ ಇಬ್ಬರೂ ಕಡಲ ಕಟ್ಟೆಯ ಮೇಲೆ ಕೂತು ಇದನ್ನೇ ಮಾತಾಡಿದರು. ಅತ್ತ ದರಿ, ಇತ್ತ ಪುಲಿ. ಲಿವರ್ ಕೆಟ್ಟಿದೆ ಅಂದರೆ ರೋಗಿಷ್ಟನಿಗೆ ಮಗಳನ್ನು ಕೊಡುವುದಿಲ್ಲ ಅನ್ನುತ್ತಾರೆ. ಒಂದು ಗುಟುಕು ತುಟಿಗೆ ತಾಗಿಸಿ ಮುಂದೆ ದಾಟಿಸು ಎಂದು ಅವನ ಚಿಕ್ಕಮ್ಮ ಚೋಲೆಂಗ್ ಸಲಹೆ ಕೊಟ್ಟಿದ್ದಳು; ತಾಯಿಯಿಲ್ಲದ ಅವನ ಪರವಾಗಿ ನಾಳೆ ಮಾತಾಡಬೇಕಾದವಳು ಅವಳೇ. ಪಿಡಿಯೊ ಅದನ್ನು ಮೀಟಿಂಗಿನಲ್ಲಿ ಹೇಳಿದಾಗ ನೋಂಗ್ ಉಸ್ತಿಂಗ್, ಆ ಗುಟುಕು ಒಬ್ಬ ನೆಂಟ, ಬೇರೆಯವರ ಮನೆಗೆ ಬಂದರೆ ಉಂಡು ಹೋಗುತ್ತಾನೆ, ನಮ್ಮ ಮನೆಗೆ ಬಂದವನು ಹಾಸಿಗೆ ಬಿಚ್ಚುತ್ತಾನೆ ಎಂದಿದ್ದ.

"ಅಪ್ಪನಿಗೆ ನಿಜ ಹೇಳಿಬಿಡ್ಲಾ?" ಎಂದಳು ಮಾರಿವಿಕ್.

"ನನ್ನ ವಿಷಯ ಹೇಳಿದ್ರೆ, ನಿನಗೆ ಹೇಗೆ ಗೊತ್ತು ಅಂತ ಕೇಳ್ತಾರೆ. ನಿನ್ನ ಹೆಸರು ಹೊರಗೆ ಬರೋದು ಬೇಡ, ಬಿಕ್."

ಕುಡಿಯುವ ಗಂಡಸನ್ನು ಊರು ನಕ್ಕು ಬಿಟ್ಟುಬಿಡುತ್ತದೆ. ಕುಡಿಯುವ ಹೆಣ್ಣನ್ನು ಬಿಡುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅಪ್ಪನ ಕಣ್ಣಿನಲ್ಲಿ ತಾನು ಏನಾಗುತ್ತೇನೆ ಅನ್ನುವುದೇ ಅವಳ ಭಯ. ಏನೋ ಒಂದು ಮಾಡೋಣ ಎಂದಷ್ಟೇ ಹೇಳಿ ಎದ್ದಳು. ಆ ಏನೋ ಒಂದು ಏನು ಎಂದು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಚೋಲೆಂಗ್ ಚಿಕ್ಕಮ್ಮ ಸುಟ್ಟ ಹಂದಿ, ಅಂಟಕ್ಕಿಯ ಕಡುಬು ಹೊರಿಸಿಕೊಂಡು ಬಂದಳು. ಟಿಬೊಯ್ ಮನೆ ಕಂಬಗಳ ಮೇಲೆ ನಿಂತ ಮನೆ. ಬಿದಿರಿನ ಸೀಳಿನ ನೆಲ, ಸಂದಿಯಲ್ಲಿ ಇಣುಕಿದರೆ ಕೆಳಗೆ ಕೋಳಿಗಳು. ಚಿಕ್ಕಮ್ಮ ರೂಢಿಯಂತೆ ಸುತ್ತುಬಳಸಿ ಮಾತಾಡಿದಳು. ನಿಮ್ಮ ಅಂಗಳದಲ್ಲಿ ಒಂದು ಹೂವಿದೆಯಂತೆ, ನಮ್ಮ ಹುಡುಗನಿಗೆ ಅದರ ವಾಸನೆ ತಾಗಿ ನಿದ್ದೆಯಿಲ್ಲವಂತೆ ಎಂದಳು. ಮಾರಿವಿಕ್‌ಳ ಸೋದರಮಾವ, ನಿದ್ದೆ ಬರದಿದ್ದರೆ ನಮ್ಮ ಭಾವನ ಕಳ್ಳು ಕುಡಿಯಲಿ ಎಂದ. ಎಲ್ಲರೂ ನಕ್ಕರು. ಪಿಡಿಯೊ ನಗಲು ಹೋದ, ಆಗಲಿಲ್ಲ.

ಟಿಬೊಯ್ ಬಿದಿರಿನ ಅಂಡೆ ತಂದ. ಹೆಚ್ಚು ಮಾತಿನವನಲ್ಲ ಅವನು. ಮೊದಲ ಕೆಲವು ಹನಿಗಳನ್ನು ಕಣ್ಣಿಗೆ ಕಾಣದವರ ಪಾಲೆಂದು ನೆಲದ ಸಂದಿಯಲ್ಲಿ ಚೆಲ್ಲಿದ. ಆಮೇಲೆ ಕರಟ ತುಂಬಿಸಿ ತಾನು ಕುಡಿದ, ಮತ್ತೆ ತುಂಬಿಸಿ ಭಾವಮೈದುನನಿಗೆ ಕೊಟ್ಟ, ಮತ್ತೆ ತುಂಬಿಸಿ ಚೋಲೆಂಗ್‌ಗೆ ಕೊಟ್ಟ. ಆಮೇಲೆ ಇನ್ನೂ ಒಂದು ಸಲ ತುಂಬಿಸಿದ. ಕಂಠಮಟ್ಟ.

"ತಗೋ," ಎಂದ.

ಪಿಡಿಯೊ ಎರಡೂ ಕೈಯಲ್ಲಿ ತೆಗೆದುಕೊಂಡ. ಹುಳಿಸಿಹಿ ವಾಸನೆ ಮೂಗಿಗೆ ಬಡಿಯಿತು. ಅವನ ಮೈಯೆಲ್ಲ ಅದನ್ನು ಗುರುತು ಹಿಡಿಯಿತು. ಬಾಯಲ್ಲಿ ನೀರು ಬಂತು. ಒಂದೇ ಗುಟುಕು, ಬಿಕ್‌ಗಾಗಿ, ಎಂದು ಒಳಗೆ ಯಾರೋ ಬಹಳ ಪ್ರೀತಿಯಿಂದ ಹೇಳಿದರು. ಆ ದನಿ ಅವನಿಗೆ ಹಳೆಯ ಪರಿಚಯ. ಪ್ರತಿ ಸಲವೂ ಅದು ಯಾರದೋ ಹೆಸರು ಹಿಡಿದುಕೊಂಡೇ ಬರುತ್ತಿತ್ತು.

ಸೋದರಮಾವ, ಹುಡುಗ ಕರಟದೊಳಗೆ ಮೀನು ಹುಡುಕುತ್ತಿದ್ದಾನೆ ಎಂದು ತಮಾಷೆ ಮಾಡಿದ. ಈ ಸಲ ಟಿಬೊಯ್ ನಗಲಿಲ್ಲ.

ಆಗ ಮಾರಿವಿಕ್ ಅಡುಗೆಯ ಕಡೆಯಿಂದ ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು. ನಮ್ಮಲ್ಲಿ ಒಂದು ರೂಢಿಯಿದೆ. ಒಬ್ಬನಿಗೆ ಆಗದಿದ್ದರೆ ಅವನ ಪಾಳಿಯನ್ನು ಅವನವರೊಬ್ಬರು ಹಿಡಿದು ಕುಡಿಯಬಹುದು. ಸಾಮಾನ್ಯವಾಗಿ ಗೆಳೆಯರು ಹಿಡಿಯುತ್ತಾರೆ. ಹುಡುಗಿಯೇ ಹಿಡಿದರೆ, ನಾನಾಗಲೇ ಇವನವಳು ಎಂದು ಎಲ್ಲರೆದುರು ಹೇಳಿದ ಹಾಗೆ.

"ಇವನ ಪಾಳಿ ನಾನು ಹಿಡೀತೀನಿ," ಎಂದು ಕೈ ಚಾಚಿದಳು.

ಮನೆಯಲ್ಲಿ ಗೊಳ್ಳೆಂದು ನಗು ಎದ್ದಿತು. ಚೋಲೆಂಗ್ ಚಪ್ಪಾಳೆ ತಟ್ಟಿದಳು. ಟಿಬೊಯ್‌ನ ಮೀಸೆಯೂ ಅಲುಗಿತು. ಇಷ್ಟು ಸುಲಭವಾಗಿ ಮುಗಿಯುತ್ತಿತ್ತು. ಪಿಡಿಯೊ ಕೃತಜ್ಞತೆಯಿಂದ ಅವಳ ಮುಖ ನೋಡಿದ.

ಅವಳ ಕಣ್ಣು ಅವನ ಮೇಲಿರಲಿಲ್ಲ. ಕರಟದ ಮೇಲಿತ್ತು. ಇಡೀ ವರ್ಷ ಆ ಕಣ್ಣುಗಳನ್ನೇ ಓದಿ ಬದುಕಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತುಟಿಗೆ ತಾಗಿಸಿ ಇಟ್ಟುಬಿಡುತ್ತೇನೆ ಎಂದು ಅವಳು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿರಬೇಕು, ಪಾಪ. ಅವಳ ಬೆರಳು ಕರಟದ ಅಂಚಿಗೆ ತಾಗಿತು. ಬೆರಳು ತಣ್ಣಗಿತ್ತು.

ಪಿಡಿಯೊ ಕರಟವನ್ನು ಹಿಂದಕ್ಕೆ ಎಳೆದುಕೊಂಡ. ನೆಲದ ಸಂದಿಗೆ ಬಗ್ಗಿಸಿ, ಪೂರ್ತಿ ಚೆಲ್ಲಿಬಿಟ್ಟ.

ಕೆಳಗೆ ಕೋಳಿಗಳು ಬೆದರಿ ಚದುರಿದ ಸದ್ದು ಮೇಲಿನವರಿಗೆಲ್ಲ ಕೇಳಿಸಿತು. ನಗು ಎಲ್ಲಿತ್ತೋ ಅಲ್ಲೇ ನಿಂತಿತು.

"ಕೋಳಿಗೆ ಹಾಕಿದೆಯಾ?" ಟಿಬೊಯ್ ದನಿ ಏರಿಸಲಿಲ್ಲ. "ನನ್ನ ಕಳ್ಳನ್ನ?"

"ನಾನು ಕುಡುಕ," ಎಂದ ಪಿಡಿಯೊ. ನೂರು ಸಲ ಹೇಳಿದ ಮಾತು, ಆದರೂ ಇಲ್ಲಿ ನಾಲಿಗೆ ತಡವರಿಸಿತು. "ಬಿಟ್ಟು ಒಂದು ವರ್ಷದ ಮೇಲಾಯ್ತು. ಒಂದು ಗುಟುಕು ಕುಡಿದ್ರೆ ನಾನು ನಿಲ್ಲಲ್ಲ. ಕಳ್ಳು ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗಿದೆ ಅಂತಲೇ ಭಯ. ನನ್ನ ತಪ್ಪು, ಮೊದಲೇ ಹೇಳಬೇಕಿತ್ತು."

ಚೋಲೆಂಗ್ ತಲೆಗೆ ಕೈಹೊತ್ತಳು. ಸೋದರಮಾವ ಎದ್ದು ನಿಂತ. ಟಿಬೊಯ್ ಮಾತ್ರ ಕೂತಲ್ಲೇ ಯೋಚಿಸುತ್ತಿದ್ದ.

"ಸರಿ. ನೀನು ಕುಡೀಬಾರದು. ಅವಳು ಹಿಡೀತೀನಿ ಅಂದಳಲ್ಲ, ಕೊಡಬಹುದಿತ್ತು. ಯಾಕೆ ಕೊಡಲಿಲ್ಲ?"

ಟಿಬೊಯ್ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಅದಕ್ಕೆ ಉತ್ತರ ಪಿಡಿಯೊನದಲ್ಲ, ಹೇಳುವ ಹಕ್ಕು ಅವನಿಗಿರಲಿಲ್ಲ. ಇಲ್ಲೇ ಈ ಸಂಬಂಧ ಮುರಿದುಹೋದರೂ ಹೇಳಬಾರದು ಎಂದು ಹಲ್ಲುಕಚ್ಚಿ ಕೂತ. ಚೋಲೆಂಗ್ ಪಾತ್ರೆಗಳನ್ನು ಒಟ್ಟುಮಾಡಲು ಶುರುಮಾಡಿದಳು. ಸುಮ್ಮನಿದ್ದರೆ ಮಾರಿವಿಕ್ ಬಚಾವು. ಮೆಟ್ಟಿಲಿಳಿದು ಅವನು ಹೋಗುತ್ತಾನೆ, ಅಪ್ಪನ ಮಗಳು ಅಪ್ಪನ ಮಗಳಾಗಿಯೇ ಉಳಿಯುತ್ತಾಳೆ.

"ಯಾಕಂದ್ರೆ ನಾನೂ ಅದೇ, ಅಪ್ಪ," ಎಂದಳು ಅವಳು.

ಅವಳಮ್ಮ ಒಲೆಯ ಹತ್ತಿರದಿಂದ ಏನು ಅಂದೆ ಎಂದು ಕೇಳಿದಳು. ಮಾರಿವಿಕ್ ಎಲ್ಲ ಹೇಳಿದಳು. ಹೊಟ್ಟೆನೋವು ಹೊಟ್ಟೆನೋವಲ್ಲ ಎಂದಳು, ವಿನೆಗರ್ ಬಾಟಲಿಯದನ್ನು ಹೇಳಿದಳು, ಶನಿವಾರ ತಾನು ಎಲ್ಲಿಗೆ ಹೋಗುತ್ತೇನೆ ಅನ್ನುವುದನ್ನೂ ಹೇಳಿದಳು. ಅಳಲಿಲ್ಲ. ಪಿಡಿಯೊ ಅವಳ ಕೈ ಹಿಡಿಯಬೇಕೆಂದುಕೊಂಡ, ಆದರೆ ಅವಳ ಕೈಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ನಡುವೆ ಜಾಗವಿರಲಿಲ್ಲ.

"ನನ್ನ ಕಳ್ಳಾ?" ಎಂದ ಟಿಬೊಯ್. ಅವನ ದನಿ ಮೊದಲ ಬಾರಿಗೆ ಒಡೆಯಿತು.

"ಅಲ್ಲ ಅಪ್ಪ. ಅಂಗಡಿ ರಮ್ಮು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸುಳ್ಳು ಹೇಳುವ ಅಭ್ಯಾಸ ತಪ್ಪಿಹೋಗಿತ್ತು ಅವಳಿಗೆ. "ಶುರುವಾಗಿದ್ದು ನಿನ್ನ ಅಂಡೆಯಿಂದಾನೇ."

ಟಿಬೊಯ್ ಎದ್ದ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದ. ಕಳ್ಳು ಇಳಿಯಲು ತೆಂಗಿನ ಹೊಂಬಾಳೆಯ ತುದಿ ಕೊಯ್ಯುವ ಸಂಜೆಯ ಹೊತ್ತು. ಮನೆಯಲ್ಲಿ ಮದುವೆಯಿರಲಿ ಸಾವಿರಲಿ, ಒಂದು ದಿನ ಕೊಯ್ಯದಿದ್ದರೆ ಹೊಂಬಾಳೆ ಬತ್ತುತ್ತದೆ. ಅಂಗಳದ ಮರ ಹತ್ತಿ ಗರಿಗಳ ನಡುವೆ ಮರೆಯಾದ. ಒಂದು ಮರಕ್ಕೆ ಬೇಕಾದಷ್ಟಕ್ಕಿಂತ ಬಹಳ ಹೆಚ್ಚು ಹೊತ್ತು ಅಲ್ಲೇ ಇದ್ದ.

ಮನೆಯಲ್ಲಿ ಯಾರೂ ಉಣ್ಣಲಿಲ್ಲ, ಯಾರೂ ಹೋಗಲಿಲ್ಲ. ಅವಳಮ್ಮ ಒಲೆಯ ಮುಂದೆ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಪಿಡಿಯೊ ಇಳಿದು ಹೋಗಿ ಮರದ ಬುಡದಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಮಾರಿವಿಕ್ ಬಂದು ಅವನ ಪಕ್ಕದಲ್ಲಿ ನಿಂತಳು.

"ನಿನ್ನ ಹೆಸರು ಬರಬಾರದಿತ್ತು," ಎಂದ ಅವನು.

"ನಿನ್ನನ್ನ ಬಿಟ್ಟುಕೊಟ್ಟು ಆ ಹೆಸರು ಇಟ್ಟುಕೊಂಡು ಏನು ಮಾಡಲಿ?" ಎಂದಳು. ಪ್ರೀತಿಯ ಬಗ್ಗೆ ಅವಳು ಆಡಿದ ಮೊದಲ ನೇರ ಮಾತು ಅದು. ಅದನ್ನು ಕೇಳಿ ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆದರೂ ಎದೆಯಲ್ಲಿ ಏನೋ ಬೆಚ್ಚಗಾಯಿತು.

ಟಿಬೊಯ್ ಇಳಿದು ಬಂದ. ಕಣ್ಣು ಕೆಂಪಗಿತ್ತು. ಮರದಿಂದ ತಂದ ಕಳ್ಳಿನ ಅಂಡೆಯನ್ನು ಅವರ ಕೈಗೆ ಸಿಗದಷ್ಟು ದೂರದಲ್ಲಿ ಬೇಲಿಗೆ ನೇತುಹಾಕಿದ. ಆಮೇಲೆ ಪಿಡಿಯೊನ ಎದುರು ನಿಂತ.

"ಇನ್ನು ಬೀಳಲ್ಲ ಅಂತ ನನಗೆ ಮಾತು ಕೊಡಬೇಡ. ಮರ ಹತ್ತೋನು ನಾನು, ಆ ಮಾತು ಯಾರೂ ಕೊಡೋಕಾಗಲ್ಲ. ಬಿದ್ರೆ ಯಾರು ಹೊತ್ಕೊಂಡು ಹೋಗ್ತಾರೆ ಅನ್ನೋದಷ್ಟೇ ನನಗೆ ಬೇಕು. ಅವಳು ಬಿದ್ದ ದಿನ?"

"ನಾನು ಮೀಟಿಂಗಿಗೆ ಕರ್ಕೊಂಡು ಹೋಗ್ತೀನಿ."

"ನೀನು ಬಿದ್ದ ದಿನ?"

"ನಾನು," ಎಂದಳು ಮಾರಿವಿಕ್.

"ಇಬ್ಬರೂ ಒಂದೇ ದಿನ ಬಿದ್ರೆ?"

ಇದೊಂದನ್ನು ಅವರಿಬ್ಬರೂ ಪ್ರತ್ಯೇಕವಾಗಿ ಎಷ್ಟೋ ಸಲ ಯೋಚಿಸಿ, ಹೆದರಿ, ಒಬ್ಬರಿಗೊಬ್ಬರು ಹೇಳದೆ ಬಿಟ್ಟಿದ್ದರು. ಗೊತ್ತಿಲ್ಲ ಎಂದ ಪಿಡಿಯೊ. ನಿಜವಾಗಿ ಗೊತ್ತಿರಲಿಲ್ಲ ಅವನಿಗೆ.

ಟಿಬೊಯ್ ಕತ್ತಿಯನ್ನು ಸೊಂಟದಿಂದ ತೆಗೆದು ಮರಕ್ಕೆ ಚುಚ್ಚಿ ನಿಲ್ಲಿಸಿದ.

"ಆ ಜಾಗಕ್ಕೆ ಹೋಗೋ ದಾರಿ ನನಗೆ ಹೇಳು," ಎಂದ.

ಪಿಡಿಯೊಗೆ ಮೊದಲು ಅರ್ಥವಾಗಲಿಲ್ಲ. ಇಬ್ಬರೂ ಬೀಳುವ ಆ ದಿನಕ್ಕೆ ಎಂದು ಆಮೇಲೆ ಹೊಳೆಯಿತು. ಯಾವ ಜೀಪ್ನಿ ಹತ್ತಬೇಕು ಅನ್ನುವುದನ್ನು ಅವನು ಹೇಳಿದ. ಉಳಿದದ್ದನ್ನು ಮಾರಿವಿಕ್ ಹೇಳಿದಳು, ಎಲ್ಲಿ ಇಳಿಯಬೇಕು, ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಯಾರನ್ನು ಕೇಳಬೇಕು ಎಂದು. ಹೇಳುತ್ತ ಹೇಳುತ್ತ ಆ ದಿನ ಮೊದಲ ಬಾರಿಗೆ ಅತ್ತಳು. ಟಿಬೊಯ್ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡ. ಓದು ಬರಹ ಬಾರದ ಮನುಷ್ಯ. ತಪ್ಪಿಹೋಗದಿರಲೆಂದು ಎಲ್ಲವನ್ನೂ ತಾನೊಂದು ಸಲ ಬಾಯಲ್ಲಿ ಹೇಳಿ ಒಪ್ಪಿಸಿದ. ಒಂದು ಕಡೆ ತಪ್ಪಿತು, ಮಗಳು ತಿದ್ದಿದಳು, ಮತ್ತೆ ಹೇಳಿದ.

"ಮೇಲೆ ಬನ್ನಿ," ಎಂದ ಆಮೇಲೆ. "ಅನ್ನ ಆರ್ತಿದೆ, ಅಮ್ಮ ಕಾಯ್ತಿದಾಳೆ."

ಅವನು ಮುಂದೆ ನಡೆದ. ಮಾರಿವಿಕ್ ಪಿಡಿಯೊನ ಕೈ ಹಿಡಿದುಕೊಂಡಳು, ಇಬ್ಬರೂ ಅವನ ಹಿಂದೆ ಮೆಟ್ಟಿಲು ಹತ್ತಿದರು.